ಕಟ್ಟಡಕ್ಕೆ ಸುರಿದ ದುಡಿಮೆಗೆ ಆ ಕಟ್ಟಡದ ಮೇಲೆ ಹಕ್ಕಿಲ್ಲವೇ? ಬ್ಯಾಂಕ್ ಸ್ವಾಧೀನಕ್ಕೆ ಬಂದಿದೆ, ನಮ್ಮ ಬಿಲ್ ಬಾಕಿ ಇದೆ

ಕಾಂಕ್ರೀಟ್ ಕೆಲಸ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಹದಿನಾರು ವರ್ಷಗಳಿಂದ ಸಿವಿಲ್ ಗುತ್ತಿಗೆ ಮಾಡಿಕೊಂಡು ಬಂದವನು. ಒಂದು ಬಿಲ್ಡರ್ ಕಂಪನಿಯ ಅಪಾರ್ಟ್‌ಮೆಂಟಿಗೆ ಬುನಾದಿಯಿಂದ ಐದನೇ ಮಹಡಿಯ ಸ್ಲ್ಯಾಬ್‌ವರೆಗೆ ಕಾಂಕ್ರೀಟ್ ಮತ್ತು ಗೋಡೆ ಕೆಲಸ ಮಾಡಿಕೊಟ್ಟಿದ್ದೇನೆ. ಕೆಲಸ ನಡೆದಂತೆ ಹಂತ ಹಂತವಾಗಿ ಕೊಟ್ಟ ಆರು ರನ್ನಿಂಗ್ ಬಿಲ್‌ಗಳ ಹಣ ಸಮಯಕ್ಕೆ ಸರಿಯಾಗಿ ಬಂತು. ಏಳನೆಯದು ಮತ್ತು ಎಂಟನೆಯದು ಬರಲೇ ಇಲ್ಲ. ಪ್ರತಿ ಬಿಲ್ಲಿನಲ್ಲಿ ಹಿಡಿದುಕೊಂಡ ಶೇ 5ರ ರಿಟೆನ್ಷನ್ ಹಣವೂ ಸೇರಿದರೆ ನನಗೆ ಬರಬೇಕಾದದ್ದು 86 ಲಕ್ಷ ರೂಪಾಯಿ.

ಕಳೆದ ವಾರ ಸೈಟಿಗೆ ಹೋದಾಗ ಗೇಟಿನ ಮೇಲೆ ಬ್ಯಾಂಕಿನ ಸ್ವಾಧೀನ ನೋಟಿಸ್ ಅಂಟಿಸಿತ್ತು. ಬಿಲ್ಡರ್ ಸಾಲ ತೀರಿಸಿಲ್ಲವಾದ್ದರಿಂದ ಜಾಗ ಮತ್ತು ಕಟ್ಟಡವನ್ನು ಬ್ಯಾಂಕ್ ವಶಕ್ಕೆ ತೆಗೆದುಕೊಂಡಿದೆ, ಇದರೊಡನೆ ಯಾರೂ ವ್ಯವಹರಿಸಬಾರದು ಎಂದು ಅದರಲ್ಲಿದೆ. ನಾನು ಕೆಲಸಕ್ಕೆ ಕೈ ಹಾಕಿದಾಗ ಅಲ್ಲಿ ಖಾಲಿ ನಿವೇಶನ ಬಿಟ್ಟರೆ ಬೇರೇನೂ ಇರಲಿಲ್ಲ. ಈಗ ಬ್ಯಾಂಕ್ ಹರಾಜು ಹಾಕಲು ಹೊರಟಿರುವ ಆಸ್ತಿಯ ಬೆಲೆಯಲ್ಲಿ ನನ್ನ ಕೆಲಸಗಾರರ ದುಡಿಮೆಯ ಪಾಲು ಎದ್ದು ಕಾಣುತ್ತಿದೆ. ಹೀಗಿರುವಾಗ ಮೊದಲ ಹಣ ಬ್ಯಾಂಕಿಗೇ ಹೋಗುತ್ತದೆಯೇ? ಕಟ್ಟಡದ ಮೇಲೆ ನನಗೆ ಲಿಯನ್, ಅಂದರೆ ಬಾಕಿ ತೀರುವವರೆಗೆ ಆಸ್ತಿಯ ಮೇಲೆ ಇರುವ ಹಕ್ಕು, ಇದೆಯೇ? ನನ್ನ ಸೆಂಟ್ರಿಂಗ್ ಶೀಟು, ಜಾಕಿ, ಮಿಕ್ಸರ್ ಎಲ್ಲವೂ ಒಳಗೇ ಇವೆ. ಅವುಗಳ ಗತಿ ಏನು? ದಯವಿಟ್ಟು ತಿಳಿದವರು ಹೇಳಬೇಕು.

ಕಬ್ಬಿಣದ ವ್ಯಾಪಾರಿ

ಸರ್, ನೀವು ಸೈಟು ಬಿಟ್ಟು ಕದಲಬೇಡಿ. ಕೆಲಸ ಮಾಡಿದವನು ಹಣ ಬರುವವರೆಗೆ ವಸ್ತುವನ್ನು ಹಿಡಿದಿಟ್ಟುಕೊಳ್ಳಬಹುದು ಎಂದು ಕರಾರು ಕಾಯ್ದೆಯಲ್ಲೇ ಇದೆ. ಗೇಟಿಗೆ ನಿಮ್ಮದೂ ಒಂದು ಬೀಗ ಹಾಕಿ.

ವಕೀಲ್ ಸಾಹೇಬ್ರು

ದಯವಿಟ್ಟು ಈ ಸಲಹೆಯನ್ನು ಪಾಲಿಸಬೇಡಿ. ಮೇಲಿನವರು ಹೇಳುತ್ತಿರುವುದು 1872ರ ಭಾರತೀಯ ಕರಾರು ಕಾಯ್ದೆಯ 170ನೇ ಸೆಕ್ಷನ್. ಅದು ಒಬ್ಬರು ಇನ್ನೊಬ್ಬರ ವಶಕ್ಕೆ ಕೊಟ್ಟ ಸರಕಿಗೆ ಮಾತ್ರ ಅನ್ವಯಿಸುತ್ತದೆ, ನೆಲಕ್ಕೂ ನೆಲಕ್ಕೆ ಅಂಟಿಕೊಂಡ ಕಟ್ಟಡಕ್ಕೂ ಅಲ್ಲ. ಆ ಸೆಕ್ಷನ್ ಜೊತೆ ಕಾಯ್ದೆಯೇ ಕೊಟ್ಟಿರುವ ಉದಾಹರಣೆಗಳನ್ನು ನೋಡಿ. ಹೊಳಪು ಕೊಡಲು ವಜ್ರ ಪಡೆದ ಕುಶಲಕರ್ಮಿ ತನ್ನ ಕೂಲಿ ಬರುವವರೆಗೆ ವಜ್ರವನ್ನು ಇಟ್ಟುಕೊಳ್ಳಬಹುದು. ಕೋಟು ಹೊಲಿದ ಮೇಲೆ ಹಣಕ್ಕೆ ಮೂರು ತಿಂಗಳು ಕಾಯುತ್ತೇನೆ ಎಂದು ಒಪ್ಪಿದ ದರ್ಜಿಗೆ ಕೋಟನ್ನು ಹಿಡಿದಿಡುವ ಹಕ್ಕಿಲ್ಲ. ಬಿಲ್ ಕೊಟ್ಟ ಮೇಲೆ 30 ದಿನ, 45 ದಿನ ಎಂದು ಕಾಲಾವಕಾಶ ಕೊಡುವ ನಮ್ಮ ಗುತ್ತಿಗೆದಾರರೂ ಆ ದರ್ಜಿಯ ಸಾಲಿನಲ್ಲೇ ನಿಲ್ಲುತ್ತಾರೆ.

ಸೈಟಿನಲ್ಲಿ ಗುತ್ತಿಗೆದಾರ ಇರುವುದು ಮಾಲೀಕರ ಅನುಮತಿಯ ಮೇಲೆ. ಅದು ಕೆಲಸ ಮಾಡಲು ಕೊಟ್ಟ ಪರವಾನಗಿ, ಸ್ವಾಧೀನದ ಹಕ್ಕಲ್ಲ. ಬ್ಯಾಂಕ್ ನೋಟಿಸ್ ಅಂಟಿಸಿದ ಮೇಲೆ ಹೋಗಿ ಬೀಗ ಹಾಕಿದರೆ ಹಣ ಬರುವುದಿರಲಿ, ಪೊಲೀಸ್ ದೂರು ಎದುರಿಸಬೇಕಾಗುತ್ತದೆ.

ಕಬ್ಬಿಣದ ವ್ಯಾಪಾರಿ

ಹಾಗಾದರೆ ಕೈಗಡಿಯಾರ ರಿಪೇರಿ ಮಾಡುವವನಿಗೆ ಇರುವ ಹಕ್ಕು ಐದು ಮಹಡಿ ಎಬ್ಬಿಸಿದವನಿಗೆ ಇಲ್ಲ ಎಂದಾಯಿತು. ಇದನ್ನು ನ್ಯಾಯ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ವಕೀಲ್ ಸಾಹೇಬ್ರು

ನನಗೂ ಒಪ್ಪಿಗೆಯಿಲ್ಲ. ಆದರೆ ಭಾರತದಲ್ಲಿ ಕಾನೂನು ಇರುವುದು ಹೀಗೆ. ಕಟ್ಟಡ ಕೆಲಸದವರಿಗೆ ಆಸ್ತಿಯ ಮೇಲೆ ತಾನಾಗಿಯೇ ಹಕ್ಕು ಹುಟ್ಟಿಸುವ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಆಸ್ತಿ ಮಾರಿದವನಿಗೆ ಉಳಿಕೆ ಹಣಕ್ಕೆ ಆಸ್ತಿಯ ಮೇಲೆ ಚಾರ್ಜ್ (ಆ ಆಸ್ತಿಯಿಂದಲೇ ಬಾಕಿ ವಸೂಲು ಮಾಡುವ ಹಕ್ಕು) ಇದೆ, ಮುಂಗಡ ಕೊಟ್ಟ ಖರೀದಿದಾರನಿಗೂ ಇದೆ. ಎರಡೂ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ನಿನಲ್ಲಿ ಬರುತ್ತವೆ. ಕಟ್ಟಿದವನ ಹೆಸರು ಮಾತ್ರ ಅಲ್ಲಿಲ್ಲ.

ಟೊರಾಂಟೊ ಕನ್ನಡಿಗ

ನಾನು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಕಟ್ಟಡ ಕಾಮಗಾರಿಗಳ ಲೆಕ್ಕ ನೋಡುತ್ತೇನೆ. ಇಲ್ಲಿನ ವ್ಯವಸ್ಥೆಯನ್ನು ಹೇಳಿದರೆ ಹೋಲಿಸಿ ನೋಡಲು ಅನುಕೂಲವಾದೀತು. ಇಲ್ಲಿ ಕೂಲಿ ಅಥವಾ ಸಾಮಗ್ರಿ ಕೊಟ್ಟವರಿಗೆ ಆ ಜಮೀನಿನಲ್ಲಿ ಮಾಲೀಕನಿಗಿರುವ ಹಕ್ಕಿನ ಮೇಲೆಯೇ ಲಿಯನ್ ಹುಟ್ಟುತ್ತದೆ. ಮಾಲೀಕನೊಡನೆ ನೇರ ಕರಾರು ಇಲ್ಲದ ಉಪಗುತ್ತಿಗೆದಾರನಿಗೂ ಅದು ಸಿಗುತ್ತದೆ. ಆದರೆ ಕೆಲಸ ಮುಗಿದ ಮೇಲೆ, ಅಥವಾ ಕೆಲಸ ಬಹುಪಾಲು ಪೂರ್ಣಗೊಂಡಿದೆ ಎಂಬ ಪ್ರಮಾಣಪತ್ರ ಪ್ರಕಟವಾದ ಮೇಲೆ, 60 ದಿನಗಳೊಳಗೆ ಅದನ್ನು ಭೂದಾಖಲೆಯಲ್ಲಿ ನೋಂದಾಯಿಸಬೇಕು. ಆ ಬಳಿಕ 90 ದಿನಗಳೊಳಗೆ ದಾವೆ ಹೂಡಬೇಕು. ಒಂದು ದಿನ ತಪ್ಪಿದರೂ ಹಕ್ಕು ಹೋಯಿತು.

ಅದಕ್ಕಿಂತ ಮುಖ್ಯವಾದದ್ದು, ಪ್ರತಿ ಪಾವತಿಯಲ್ಲಿ ಶೇ 10ರಷ್ಟನ್ನು ಮಾಲೀಕ ತಡೆಹಿಡಿಯಲೇಬೇಕೆಂಬ ನಿಯಮ. ನಿಮ್ಮಲ್ಲಿನ ರಿಟೆನ್ಷನ್ ಹಣ ಕೆಲಸದಲ್ಲಿ ಲೋಪ ಬಂದರೆ ಎಂದು ಮಾಲೀಕನ ರಕ್ಷಣೆಗೆ ಇರುವುದು. ಇಲ್ಲಿ ತಡೆಹಿಡಿಯುವ ಹಣ ಕೆಳಗಿನ ಹಂತದ ಕೆಲಸಗಾರರ ಮತ್ತು ಉಪಗುತ್ತಿಗೆದಾರರ ರಕ್ಷಣೆಗೆ ಇದೆ. ಕಟ್ಟಡ ಕಟ್ಟಲೆಂದೇ ಸಾಲ ಕೊಟ್ಟ ಬ್ಯಾಂಕಿನ ಅಡಮಾನ ಇದ್ದರೂ, ಮಾಲೀಕ ತಡೆಹಿಡಿಯಬೇಕಾದ ಆ ಹಣದಲ್ಲಿ ಎಷ್ಟು ಕೊರತೆ ಇದೆಯೋ ಅಷ್ಟರ ಮಟ್ಟಿಗೆ ಲಿಯನ್ ಇರುವವರೇ ಬ್ಯಾಂಕಿಗಿಂತ ಮುಂದೆ ನಿಲ್ಲುತ್ತಾರೆ. ಹೀಗಾಗಿ ಆ ಹಣ ಉಳಿದಿದೆಯೇ ಎಂದು ಪ್ರತಿ ಕಂತಿಗೂ ನೋಡುವ ಕೆಲಸವನ್ನು ಬ್ಯಾಂಕೇ ಮಾಡುತ್ತದೆ.

ಅಮೆರಿಕದಲ್ಲಿ ಇಂತಹ ಕಾಯ್ದೆ ಇನ್ನೂ ಹಳೆಯದು. ಹೊಸ ರಾಜಧಾನಿ ವಾಷಿಂಗ್ಟನ್ ಕಟ್ಟುವಾಗ ಕೆಲಸಗಾರರಿಗೆ ಧೈರ್ಯ ಬರಲೆಂದು 1791ರಲ್ಲಿ ಮೇರಿಲ್ಯಾಂಡ್ ರಾಜ್ಯ ಅದನ್ನು ತಂದಿತು. ಅಲ್ಲಿನ ಅನೇಕ ರಾಜ್ಯಗಳಲ್ಲಿ ನೆಲದ ಮೇಲೆ ಕಣ್ಣಿಗೆ ಕಾಣುವಂತೆ ಕೆಲಸ ಆರಂಭವಾದ ದಿನದಿಂದಲೇ ಎಲ್ಲ ಕೆಲಸದವರ ಸರದಿ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಸಾಲ ಕೊಡುವವರು ಅಡಮಾನ ನೋಂದಣಿಯಾಗುವ ಮೊದಲು ಸೈಟಿಗೆ ಜನ ಕಳಿಸಿ, ಗುದ್ದಲಿ ಬಿದ್ದಿಲ್ಲ ಎಂಬುದಕ್ಕೆ ಫೋಟೊ ತೆಗೆಸಿ ಇಟ್ಟುಕೊಳ್ಳುತ್ತಾರೆ.

ನಿವೃತ್ತ ಶಾಖಾ ವ್ಯವಸ್ಥಾಪಕ

ನಾನು ಬ್ಯಾಂಕಿನ ಕಡೆಯ ಮಾತನ್ನೂ ಹೇಳಬೇಕು. ಬಿಲ್ಡರ್‌ಗೆ ಸಾಲ ಕೊಡುವಾಗ ನಾವು ಋಣಭಾರ ಪ್ರಮಾಣಪತ್ರ ತೆಗೆಸಿ ನೋಡುತ್ತೇವೆ. ಸಾಲಗಾರ ಕಂಪನಿಯಾಗಿದ್ದರೆ 2013ರ ಕಂಪನಿ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ 30 ದಿನಗಳೊಳಗೆ ನಮ್ಮ ಚಾರ್ಜ್ ಕಂಪನಿ ರಿಜಿಸ್ಟ್ರಾರರಲ್ಲಿ ದಾಖಲಾಗುವಂತೆ ನೋಡಿಕೊಳ್ಳುತ್ತೇವೆ. ಸೆರ್ಸಾಯ್ ಎಂಬ ಕೇಂದ್ರ ಅಡಮಾನ ನೋಂದಣಿಯಲ್ಲೂ ಸೇರಿಸುತ್ತೇವೆ. ಇವೆಲ್ಲವೂ ಯಾರು ಬೇಕಾದರೂ ಶುಲ್ಕ ಕಟ್ಟಿ ನೋಡಬಹುದಾದ ದಾಖಲೆಗಳು. ದಾಖಲೆಯಲ್ಲಿ ಎಲ್ಲಿಯೂ ಕಾಣದ ಗುತ್ತಿಗೆದಾರನ ಬಾಕಿ ನಾಳೆ ನಮ್ಮ ಮುಂದೆ ಬಂದು ನಿಲ್ಲುವುದಾದರೆ ಯಾವ ಬ್ಯಾಂಕ್ ತಾನೇ ಕಟ್ಟಡಕ್ಕೆ ಸಾಲ ಕೊಟ್ಟೀತು?

ಆಸ್ತಿ ವರ್ಗಾವಣೆ ಕಾಯ್ದೆಯ 48ನೇ ಸೆಕ್ಷನ್ ಪ್ರಕಾರ ಕಾಲದಲ್ಲಿ ಮೊದಲು ಹುಟ್ಟಿದ ಹಕ್ಕಿಗೆ ಮೊದಲ ಸ್ಥಾನ. ಸಾಲದ್ದಕ್ಕೆ, ಅಡವಿಟ್ಟ ಆಸ್ತಿಯನ್ನು ಬ್ಯಾಂಕ್ ತಾನೇ ವಶಕ್ಕೆ ಪಡೆದು ಮಾರಲು ಬಿಡುವ ಸರ್ಫೇಸಿ ಕಾಯ್ದೆಯ 26ಇ ಸೆಕ್ಷನ್ನೂ 2020ರ ಜನವರಿ 24ರಿಂದ ಜಾರಿಯಲ್ಲಿದೆ. ಭದ್ರತೆಯನ್ನು ನೋಂದಾಯಿಸಿಕೊಂಡ ಬ್ಯಾಂಕಿನ ಸಾಲ ಉಳಿದ ಎಲ್ಲ ಸಾಲಗಳಿಗಿಂತಲೂ ಸರ್ಕಾರದ ತೆರಿಗೆಗಳಿಗಿಂತಲೂ ಮುಂದೆ ಎಂದು ಅದು ಹೇಳುತ್ತದೆ.

ಟೊರಾಂಟೊ ಕನ್ನಡಿಗ

ಸರ್, ಕೊಟ್ಟೇ ಕೊಡುತ್ತವೆ. ಇಲ್ಲಿ ಕೊಡುತ್ತಿವೆ. ಹಣ ಬಿಡುಗಡೆ ಮಾಡುವ ಮೊದಲು ಕೆಳಗಿನವರಿಗೆ ಸಂದಾಯವಾಗಿದೆಯೇ ಎಂದು ವಿಚಾರಿಸುವ ಹೊಣೆ ಬ್ಯಾಂಕಿನ ಮೇಲೆ ಬೀಳುತ್ತದೆ, ಅಷ್ಟೆ.

ಫ್ಲ್ಯಾಟ್ ಕಾಯುತ್ತಿರುವವಳು

ಈ ಚರ್ಚೆಯಲ್ಲಿ ನಮ್ಮನ್ನು ಯಾರೂ ನೆನೆದಿಲ್ಲ. ನಾನು ಇಂಥದೇ ಒಂದು ಯೋಜನೆಯಲ್ಲಿ ಮನೆ ಕಾಯ್ದಿರಿಸಿ ಶೇ 70ರಷ್ಟು ಹಣ ಕಟ್ಟಿದ್ದೇನೆ. ಗುತ್ತಿಗೆದಾರರಿಗೆ ಕಟ್ಟಡದ ಮೇಲೆ ಹಕ್ಕು ಕೊಟ್ಟರೆ, ಬಿಲ್ಡರ್ ಮಾಡಿದ ತಪ್ಪಿಗೆ ನಾನು ಎರಡನೇ ಬಾರಿ ಹಣ ಕೊಡಬೇಕೇ? ಬಿಲ್ಡರ್‌ಗಳನ್ನು ನಿಯಂತ್ರಿಸುವ ರೇರಾ ಕಾಯ್ದೆಯ 11(4)(ಎಚ್) ಪ್ರಕಾರ ನನ್ನೊಡನೆ ಮಾರಾಟದ ಕರಾರು ಆದ ಮೇಲೆ ಬಿಲ್ಡರ್ ಆ ಮನೆಯನ್ನು ಅಡವಿಡುವಂತಿಲ್ಲ, ಇಟ್ಟರೂ ಅದು ನನ್ನ ಹಕ್ಕನ್ನು ಮುಟ್ಟುವುದಿಲ್ಲ. ಆಮ್ರಪಾಲಿ ಎಂಬ ಬಿಲ್ಡರ್ ಸಮೂಹದ ಪ್ರಕರಣದಲ್ಲಿ 2019ರ ಜುಲೈ 23ರಂದು ಸುಪ್ರೀಂ ಕೋರ್ಟ್, ಬ್ಯಾಂಕುಗಳು ತಮ್ಮ ಬಾಕಿಯನ್ನು ಮನೆ ಕೊಂಡವರ ಫ್ಲ್ಯಾಟುಗಳಿಂದ ವಸೂಲು ಮಾಡುವಂತಿಲ್ಲ ಎಂದಿತು. ಬ್ಯಾಂಕಿಗೇ ಇಲ್ಲದ್ದು ಗುತ್ತಿಗೆದಾರರಿಗೆ ಹೇಗೆ ಬರುತ್ತದೆ?

ಕಾಂಕ್ರೀಟ್ ಕೆಲಸ

ಮೇಡಂ, ನಿಮ್ಮ ಮನೆಯ ಮೇಲೆ ನನಗೆ ಕಣ್ಣಿಲ್ಲ. ಆದರೆ ನೀವು ಕಟ್ಟಿದ ಹಣ ನನಗೆ ಬರಬೇಕಾದ ಬಿಲ್ಲಿಗೇ ಹೋಗಬೇಕಿತ್ತು, ಹೋಗಲಿಲ್ಲ. ಇಬ್ಬರ ಹಣವೂ ಒಂದೇ ಜೇಬಿಗೆ ಇಳಿದಿದೆ.

ಲೆಕ್ಕಪರಿಶೋಧಕಿ

ಈ ಮಾತಿನಲ್ಲೇ ನಿಮಗೆ ಬೇಕಾದ ಒಂದು ಸಾಕ್ಷ್ಯ ಅಡಗಿದೆ. ಖರೀದಿದಾರರಿಂದ ಬಂದ ಹಣದ ಶೇ 70ರಷ್ಟನ್ನು ಬಿಲ್ಡರ್ ಪ್ರತ್ಯೇಕ ಖಾತೆಯಲ್ಲಿ ಇಡಬೇಕು ಮತ್ತು ಅದನ್ನು ಕಟ್ಟಡದ ಹಾಗೂ ಜಮೀನಿನ ವೆಚ್ಚಕ್ಕೆ ಮಾತ್ರ ಬಳಸಬೇಕು. ಹಣ ತೆಗೆಯಬೇಕಾದರೆ ಕೆಲಸ ಎಷ್ಟು ಮುಗಿದಿದೆ ಎಂದು ಎಂಜಿನಿಯರ್, ವಾಸ್ತುಶಿಲ್ಪಿ ಮತ್ತು ಚಾರ್ಟರ್ಡ್ ಅಕೌಂಟೆಂಟ್ ಮೂವರೂ ಪ್ರಮಾಣಪತ್ರ ಕೊಡಬೇಕು. ಆ ಖಾತೆಯ ಮೇಲೆ ಗುತ್ತಿಗೆದಾರನಿಗೆ ನೇರ ಹಕ್ಕನ್ನು ಕಾಯ್ದೆ ಬರೆದುಕೊಟ್ಟಿಲ್ಲ ಎಂಬುದು ನಿಜ. ಆದರೆ ಐದನೇ ಮಹಡಿಯ ಸ್ಲ್ಯಾಬ್ ಮುಗಿದಿದೆ ಎಂದು ಪ್ರಮಾಣಪತ್ರ ಕೊಡಿಸಿ ಹಣ ತೆಗೆದುಕೊಂಡ ಬಿಲ್ಡರ್, ನಾಳೆ ನಿಮ್ಮ ದಾವೆಯಲ್ಲಿ ಸ್ಲ್ಯಾಬ್ ಕೆಲಸವೇ ಸರಿಯಾಗಿ ಆಗಿಲ್ಲ ಎಂದು ಹೇಳಿದರೆ ಆ ಕಾಗದವೇ ಅವರ ವಿರುದ್ಧ ಮಾತಾಡುತ್ತದೆ. ಯೋಜನೆಯ ಪ್ರಗತಿಯ ತ್ರೈಮಾಸಿಕ ವಿವರ ರೇರಾ ಜಾಲತಾಣದಲ್ಲಿ ಇರುತ್ತದೆ. ಇಂದೇ ತೆಗೆದು ಮುದ್ರಿಸಿಟ್ಟುಕೊಳ್ಳಿ.

ಸೈಟ್ ಎಂಜಿನಿಯರ್

ದಿವಾಳಿ ಸಂಹಿತೆಯಡಿ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋದರೆ ಬಿಲ್ಡರ್ ಹೆದರಿ ಹಣ ಕೊಡುತ್ತಾನೆ. ನಮ್ಮ ಗುತ್ತಿಗೆದಾರರೊಬ್ಬರಿಗೆ ಹಾಗೇ ಬಂತು.

ವಕೀಲ್ ಸಾಹೇಬ್ರು

ಇವರ ಪ್ರಕರಣದಲ್ಲಿ ಆ ಬಾಗಿಲೇ ತೆರೆಯುವುದಿಲ್ಲ. 2020ರ ಮಾರ್ಚ್ 24ರಿಂದ ಕನಿಷ್ಠ ಬಾಕಿ 1 ಕೋಟಿ ರೂಪಾಯಿ ಇರಬೇಕು, ಇವರದು 86 ಲಕ್ಷ. ಬಡ್ಡಿ ಸೇರಿಸಿ ಕೋಟಿ ದಾಟಿಸಲು ಹೋದರೆ, ಕರಾರಿನಲ್ಲಿ ಬಡ್ಡಿಯ ಮಾತೇ ಇಲ್ಲದಿದ್ದಾಗ ಅಲ್ಲೇ ತಕರಾರು ಎದ್ದೇಳುತ್ತದೆ. ಕೋಟಿ ದಾಟಿದ್ದರೂ, ಬಾಕಿ ಕೇಳುವ ನೋಟಿಸ್ ತಲುಪುವ ಮೊದಲೇ ಬಿಲ್ಡರ್ ಗೋಡೆಯಲ್ಲಿ ಬಿರುಕು ಬಿಟ್ಟಿದೆ ಎಂದು ಒಂದು ಮೇಲ್ ಕಳಿಸಿದ್ದರೆ, ಅದು ಬರೀ ನೆಪವಲ್ಲದೆ ನಿಜವಾದ ವಿವಾದವಾಗಿದ್ದರೆ ಅರ್ಜಿ ಬಿದ್ದುಹೋಗುತ್ತದೆ. 2017ರ ಮೊಬಿಲಾಕ್ಸ್ ತೀರ್ಪಿನಿಂದ ಇದು ನೆಲೆನಿಂತ ತತ್ವ.

ಬೇರೆ ಯಾರೋ ಅರ್ಜಿ ಹಾಕಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ ಇವರ ಸ್ಥಾನ ಎಲ್ಲಿ ಎಂಬುದೇ ನಿಜವಾದ ಪ್ರಶ್ನೆ. ಕಂಪನಿಯ ಆಸ್ತಿ ಮಾರಿ ಹಂಚುವಾಗ 53ನೇ ಸೆಕ್ಷನ್ನಿನ ಸರದಿ ಹೀಗಿದೆ: ಮೊದಲು ಪ್ರಕ್ರಿಯೆಯ ಖರ್ಚು. ಆನಂತರ ಕಂಪನಿಯ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ತಮ್ಮ ಭದ್ರತೆಯನ್ನು ಪ್ರಕ್ರಿಯೆಗೆ ಬಿಟ್ಟುಕೊಟ್ಟ ಬ್ಯಾಂಕುಗಳು, ಇಬ್ಬರೂ ಸಮಾನವಾಗಿ. ಅವರ ಹಿಂದೆ ಇತರ ನೌಕರರ 12 ತಿಂಗಳ ಸಂಬಳ, ಭದ್ರತೆಯಿಲ್ಲದ ಹಣಕಾಸು ಸಾಲ, ಸರ್ಕಾರದ ಬಾಕಿ. ಇವೆಲ್ಲ ತೀರಿದ ಮೇಲೆ ಉಳಿದ ಸಾಲಗಳ ಗುಂಪಿನಲ್ಲಿ ಗುತ್ತಿಗೆದಾರ ಬರುತ್ತಾನೆ. ಮನೆ ಕೊಂಡವರನ್ನು 2018ರ ತಿದ್ದುಪಡಿ ಹಣಕಾಸು ಸಾಲ ಕೊಟ್ಟವರೆಂದು ಗುರುತಿಸಿತು, 2019ರಲ್ಲಿ ಪಯನೀರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅವರಿಗೆ ಸಾಲದಾತರ ಸಮಿತಿಯಲ್ಲಿ ಮತವಿದೆ. ಗುತ್ತಿಗೆದಾರನಿಗೆ ಮತವಿಲ್ಲ.

ಕಬ್ಬಿಣದ ವ್ಯಾಪಾರಿ

ಹಣ ಕೊಟ್ಟವನೂ ಸಾಲ ಕೊಟ್ಟವನೇ, ಕಬ್ಬಿಣ ಕೊಟ್ಟವನೂ ಸಾಲ ಕೊಟ್ಟವನೇ. ಒಬ್ಬನಿಗೆ ಮತ, ಇನ್ನೊಬ್ಬನಿಗೆ ಬಾಗಿಲ ಹೊರಗೆ ಕಾಯುವ ಕೆಲಸ. ನಾನು ಕೊಟ್ಟ ಸರಕನ್ನಾದರೂ ವಾಪಸ್ ತರಬಹುದೇ? ಬಿಲ್ಲಿನಲ್ಲಿ ‘ಪೂರ್ತಿ ಹಣ ಸಂದಾಯವಾಗುವವರೆಗೆ ಸರಕು ನಮ್ಮದೇ’ ಎಂದು ಮುದ್ರಿಸಿರುತ್ತೇವೆ.

ವಕೀಲ್ ಸಾಹೇಬ್ರು

ಲಾರಿಯಿಂದ ಇಳಿದು ಸೈಟಿನಲ್ಲಿ ಕಟ್ಟುಗಳಾಗಿಯೇ ಬಿದ್ದಿರುವ ಕಬ್ಬಿಣಕ್ಕೆ ಆ ಷರತ್ತು ಸ್ವಲ್ಪ ಬಲ ಕೊಡಬಹುದು, ಆದರೆ ಖರೀದಿದಾರ ಅದನ್ನು ಒಪ್ಪಿ ಸಹಿ ಹಾಕಿದ ಆರ್ಡರಿನಲ್ಲೇ ಇದ್ದರೆ ಒಳ್ಳೆಯದು. ಮಾರಿದವನಿಗೆ ಸರಕು ಹಿಡಿದಿಡುವ ಹಕ್ಕು 1930ರ ಸರಕು ಮಾರಾಟ ಕಾಯ್ದೆಯಲ್ಲಿ ಇರುವುದು ನಿಜ, ಆದರೆ ಖರೀದಿದಾರ ಸರಕನ್ನು ಸಕ್ರಮವಾಗಿ ವಶಕ್ಕೆ ಪಡೆದೊಡನೆ ಅದು ಮುಗಿಯುತ್ತದೆ. ಸರಳು ಕಟ್ಟಿ ಕಾಂಕ್ರೀಟ್ ಸುರಿದ ಮೇಲಂತೂ ಕಬ್ಬಿಣ ಎಂಬ ಸರಕೇ ಉಳಿಯುವುದಿಲ್ಲ, ಅದು ನೆಲದ ಭಾಗವಾಗಿ ನೆಲದ ಅಡಮಾನದೊಳಗೆ ಸೇರಿಕೊಳ್ಳುತ್ತದೆ.

ಸಣ್ಣ ಕೈಗಾರಿಕೆ

ಸಣ್ಣ ಉದ್ಯಮಗಳಿಗಿರುವ ಎಂ.ಎಸ್.ಎಂ.ಇ. ಕಾಯ್ದೆಯನ್ನು ಯಾರೂ ಎತ್ತಲಿಲ್ಲವಲ್ಲ! ಅದರ ಉದ್ಯಮ್ ನೋಂದಣಿ ಇದ್ದರೆ 45 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಈ ಕಾಯ್ದೆ ಉಳಿದ ಕಾಯ್ದೆಗಳ ಮೇಲೆ ಮೇಲುಗೈ ಪಡೆಯುತ್ತದೆ ಎಂದು 24ನೇ ಸೆಕ್ಷನ್ ಹೇಳುತ್ತದೆ.

ನಿವೃತ್ತ ಶಾಖಾ ವ್ಯವಸ್ಥಾಪಕ

ಈ ವಾದ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದಿದೆ. ಕೋಟಕ್ ಮಹೀಂದ್ರಾ ಬ್ಯಾಂಕ್ ಮತ್ತು ಗಿರ್ನಾರ್ ಕೊರುಗೇಟರ್ಸ್ ನಡುವಿನ ಪ್ರಕರಣ ಓದಿ. ಎಂ.ಎಸ್.ಎಂ.ಇ. ಕಾಯ್ದೆ ಬಡ್ಡಿಗೂ ವಿವಾದ ತೀರ್ಮಾನದ ವಿಧಾನಕ್ಕೂ ಮೇಲುಗೈ ಕೊಡುತ್ತದೆಯೇ ಹೊರತು, ವಸೂಲಿಯಲ್ಲಿ ಮೊದಲ ಸರದಿಯನ್ನು ಕೊಡುವುದಿಲ್ಲ ಎಂದು ಅಲ್ಲಿ ತೀರ್ಮಾನವಾಯಿತು. ಸರ್ಫೇಸಿ ಅಡಿ ಸ್ವಾಧೀನಕ್ಕೆ ಬಂದ ಬ್ಯಾಂಕೇ ಮುಂದೆ.

ವಕೀಲ್ ಸಾಹೇಬ್ರು

ಇನ್ನೊಂದು ತೊಡಕೂ ಇದೆ. ಸಾಮಗ್ರಿ ಮತ್ತು ಕೂಲಿ ಎರಡೂ ಬೆರೆತ ಕಾಮಗಾರಿ ಕರಾರಿಗೆ ಆ ಕಾಯ್ದೆ ಅನ್ವಯಿಸುತ್ತದೆಯೇ ಎಂಬುದರಲ್ಲಿ ಹೈಕೋರ್ಟುಗಳ ಅಭಿಪ್ರಾಯ ಒಂದೇ ಆಗಿಲ್ಲ. ಆದರೂ ಕರಾರಿಗೆ ಮೊದಲೇ ನೋಂದಣಿ ಆಗಿದ್ದರೆ ಅರ್ಜಿ ಹಾಕುವುದು ತಪ್ಪಲ್ಲ. ಬಿಲ್ಡರ್‌ಗೆ ಬೇರೆ ಆಸ್ತಿ ಇದ್ದರೆ ಆ ಆದೇಶ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಮಧ್ಯಸ್ಥಿಕೆ ವಿಭಾಗ

ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತು ಇದ್ದರೆ ಮಧ್ಯಸ್ಥಿಕೆ ಕಾಯ್ದೆಯ 9ನೇ ಸೆಕ್ಷನ್ ಅಡಿ ತಕ್ಷಣ ಮಧ್ಯಂತರ ಆದೇಶ ಕೇಳಿ. 2022ರ ಸೆಪ್ಟೆಂಬರಿನ ಎಸ್ಸಾರ್ ಹೌಸ್ ತೀರ್ಪಿನ ಪ್ರಕಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಜಪ್ತಿ ನಿಯಮಗಳ ಪ್ರತಿ ಅಕ್ಷರಕ್ಕೂ ಕೋರ್ಟು ಅಲ್ಲಿ ಕಟ್ಟುಬೀಳಬೇಕಾಗಿಲ್ಲ. ಹಣವನ್ನು ಠೇವಣಿ ಇಡಿಸಬಹುದು.

ವಕೀಲ್ ಸಾಹೇಬ್ರು

ಅದೇ ತಿಂಗಳ ಕೊನೆಯಲ್ಲಿ ಬಂದ ಸಾಂಘಿ ಇಂಡಸ್ಟ್ರೀಸ್ ತೀರ್ಪನ್ನೂ ಜೊತೆಗೆ ಓದಬೇಕು. ಆಸ್ತಿಯನ್ನು ಸಾಗಹಾಕುವ ಉದ್ದೇಶ ಎದುರಾಳಿಗೆ ಇದೆ ಎಂಬುದನ್ನು ತೋರಿಸದೆ ಹಣದ ಠೇವಣಿ ಕೇಳುವಂತಿಲ್ಲ ಎಂದು ಅಲ್ಲಿ ಹೇಳಿದೆ. ಭದ್ರತೆಯಿಲ್ಲದ ಸಾಲವನ್ನು ಜಪ್ತಿಯ ಮೂಲಕ ಭದ್ರತೆಯುಳ್ಳ ಸಾಲವನ್ನಾಗಿ ಮಾಡಿಕೊಳ್ಳಲು ಬಿಡಬಾರದು ಎಂಬ 2007ರ ರಾಮನ್ ಟೆಕ್ ತೀರ್ಪಿನ ಮಾತನ್ನು ಎದುರು ವಕೀಲರು ಮೊದಲ ದಿನವೇ ಓದುತ್ತಾರೆ. ಜಪ್ತಿ ಸಿಕ್ಕಿದರೂ ಅದಕ್ಕೆ ಮುಂಚೆ ಹುಟ್ಟಿದ ಅಡಮಾನ ಹಾಗೇ ನಿಲ್ಲುತ್ತದೆ.

ಮಧ್ಯಸ್ಥಿಕೆ ವಿಭಾಗ

ಒಪ್ಪುತ್ತೇನೆ, ಆದರೆ ಪ್ರಯತ್ನವನ್ನೇ ಬಿಡುವುದಕ್ಕೆ ಅದು ಕಾರಣವಲ್ಲ. ಹರಾಜಿನಲ್ಲಿ ಬ್ಯಾಂಕಿನ ಸಾಲ ಮತ್ತು ಖರ್ಚು ಕಳೆದು ಹಣ ಉಳಿದರೆ, ಅದನ್ನು ಹಕ್ಕುಳ್ಳವರಿಗೆ ಕೊಡಬೇಕೆಂದು ಸರ್ಫೇಸಿಯ 13(7)ರಲ್ಲಿ ಇದೆ. ಆ ಉಳಿಕೆಯ ಮೇಲೆ ಜಪ್ತಿ ಆದೇಶ ಇದ್ದವನನ್ನು ಬಿಟ್ಟು ಬಿಲ್ಡರ್ ಕೈಗೆ ಹಣ ಹೋಗದಂತೆ ತಡೆಯಬಹುದು.

ಸೈಟ್ ಎಂಜಿನಿಯರ್

ಇಷ್ಟು ಮಾತಿನ ನಡುವೆ ಅವರ ಸೆಂಟ್ರಿಂಗ್ ಸಾಮಾನಿನ ಪ್ರಶ್ನೆ ಹಿಂದೆ ಉಳಿಯಿತು. ನನ್ನ ಅನುಭವದಲ್ಲಿ ಗುತ್ತಿಗೆದಾರರು ಹೆಚ್ಚು ಕಳೆದುಕೊಳ್ಳುವುದು ಅಲ್ಲೇ. ಶೀಟು, ಜಾಕಿ, ಮಿಕ್ಸರ್ ಯಾವುವೂ ಕಟ್ಟಡದ ಭಾಗವಲ್ಲ, ಬಿಲ್ಡರನ ಸೊತ್ತೂ ಅಲ್ಲ, ಆದ್ದರಿಂದ ಅವು ಅಡಮಾನದೊಳಗೆ ಬರುವುದಿಲ್ಲ. ಗೇಟಿನ ನೋಟಿಸ್ ಸಾಂಕೇತಿಕ ಸ್ವಾಧೀನದ್ದಾಗಿದ್ದರೆ, ಅಂದರೆ ವಶ ಕಾಗದದ ಮೇಲಷ್ಟೇ ಆಗಿದ್ದರೆ, ಜಿಲ್ಲಾಧಿಕಾರಿಗಳ ನೆರವಿನಿಂದ ಬ್ಯಾಂಕ್ ಬೀಗ ಹಾಕುವ ಮೊದಲು ನಿಮಗೆ ಸ್ವಲ್ಪ ಕಾಲ ಸಿಗುತ್ತದೆ. ಸಾಮಾನು ಒಳಗೆ ಬಂದ ದಿನದ ಗೇಟ್ ಪಾಸು, ಖರೀದಿ ಬಿಲ್ಲು, ಶೀಟಿನ ಮೇಲೆ ಬಣ್ಣದಲ್ಲಿ ಬರೆದ ನಿಮ್ಮ ಗುರುತು, ಎಣಿಕೆ ಪಟ್ಟಿ ಇವನ್ನೆಲ್ಲ ಸೇರಿಸಿ ನೋಟಿಸಿಗೆ ಸಹಿ ಹಾಕಿದ ಅಧಿಕೃತ ಅಧಿಕಾರಿಗೆ ಪತ್ರ ಕೊಟ್ಟು ಮುದ್ರೆ ಹಾಕಿಸಿಕೊಳ್ಳಿ. ಪಂಚನಾಮೆಯಲ್ಲಿ ಆ ಸಾಮಾನು ಬಿಲ್ಡರನದು ಎಂದು ಬರೆದುಬಿಟ್ಟರೆ ತಿದ್ದಿಸುವುದು ಕಷ್ಟ.

ವಕೀಲ್ ಸಾಹೇಬ್ರು

ಅತ್ಯಂತ ಸರಿಯಾದ ಮಾತು. ಬ್ಯಾಂಕ್ ಒಪ್ಪದಿದ್ದರೆ 45 ದಿನಗಳೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬಹುದು. ಸಾಲಗಾರನಲ್ಲದ ಬಾಧಿತ ವ್ಯಕ್ತಿಗೂ ಆ ಅವಕಾಶವಿದೆ. ಕಂಪನಿ ದಿವಾಳಿಗೆ ಹೋದರೂ, ಕರಾರಿನ ಮೇಲೆ ಕಂಪನಿಯ ವಶದಲ್ಲಿರುವ ಮೂರನೆಯವರ ಸೊತ್ತು ಕಂಪನಿಯ ಆಸ್ತಿಯಲ್ಲ ಎಂದು ಸಂಹಿತೆಯ 18ನೇ ಸೆಕ್ಷನ್ನಿನ ವಿವರಣೆಯಲ್ಲಿ ಸ್ಪಷ್ಟವಾಗಿದೆ.

ಪ್ಲಂಬಿಂಗ್ ಗುತ್ತಿಗೆ

ನಾನು ಮುಂದಿನ ತಿಂಗಳು ಹೊಸ ಯೋಜನೆಗೆ ಸಹಿ ಹಾಕಬೇಕು. ಇದನ್ನೆಲ್ಲ ಓದಿ ಕೈ ನಡುಗುತ್ತಿದೆ. ಮೊದಲೇ ಏನಾದರೂ ಮಾಡಿಕೊಳ್ಳಲು ಸಾಧ್ಯವೇ?

ವಕೀಲ್ ಸಾಹೇಬ್ರು

ಸಾಧ್ಯ. ಕಾನೂನು ತಾನಾಗಿ ಕೊಡದ ಹಕ್ಕನ್ನು ಕರಾರಿನಿಂದ ಮಾಡಿಕೊಳ್ಳಬಹುದು. ಆಸ್ತಿ ವರ್ಗಾವಣೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ ನಿಮ್ಮ ಬಾಕಿಗೆ ಆಸ್ತಿಯ ನಿರ್ದಿಷ್ಟ ಭಾಗವನ್ನು, ಉದಾಹರಣೆಗೆ ಇನ್ನೂ ಮಾರಾಟವಾಗದ ಒಂದು ಫ್ಲ್ಯಾಟನ್ನು, ಚಾರ್ಜ್ ಆಗಿ ಬರೆಸಿಕೊಂಡು ಉಪನೋಂದಣಾಧಿಕಾರಿಯಲ್ಲಿ ನೋಂದಾಯಿಸಬೇಕು. ಬಿಲ್ಡರ್ ಕಂಪನಿಯಾಗಿದ್ದರೆ ಕಂಪನಿ ರಿಜಿಸ್ಟ್ರಾರರಲ್ಲೂ ಅದು ದಾಖಲಾಗಬೇಕು, ಇಲ್ಲವಾದರೆ ಕಂಪನಿ ಮುಳುಗಿದ ದಿನ ಆ ಚಾರ್ಜನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬ್ಯಾಂಕಿನ ಅಡಮಾನ ಮೊದಲೇ ಇದ್ದರೆ ಅವರ ಒಪ್ಪಿಗೆ ಪಡೆಯಬೇಕು, ಆಗಲೂ ನಿಮ್ಮದು ಎರಡನೇ ಸರದಿ.

ಬಿಲ್ಡರ್ ಇದಕ್ಕೆ ಒಪ್ಪದಿದ್ದರೆ ಎರಡು ಬಿಲ್‌ಗಳ ಮೊತ್ತಕ್ಕೆ ಬ್ಯಾಂಕ್ ಗ್ಯಾರಂಟಿ ಕೇಳಿ. ಅದಕ್ಕೂ ಒಪ್ಪದಿದ್ದರೆ ಒಂದು ಬಿಲ್ ಬಾಕಿ ಉಳಿದೊಡನೆ ಕೆಲಸ ನಿಲ್ಲಿಸುವ ಹಕ್ಕನ್ನಾದರೂ ಬರೆಸಿಕೊಳ್ಳಿ.

ನಿವೃತ್ತ ಶಾಖಾ ವ್ಯವಸ್ಥಾಪಕ

ಸಹಿ ಹಾಕುವ ಮೊದಲು ಆ ಕಂಪನಿಯ ಮೇಲೆ ಯಾವ ಯಾವ ಚಾರ್ಜ್ ಇದೆ ಎಂದು ಕಂಪನಿ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ ನೋಡಿ. ನಾನು ಕೆಲಸದಲ್ಲಿದ್ದ ಅಷ್ಟು ವರ್ಷಗಳಲ್ಲಿ ಇದನ್ನು ನೋಡಿಕೊಂಡು ಬಂದ ಗುತ್ತಿಗೆದಾರ ಒಬ್ಬರೂ ನನಗೆ ಸಿಗಲಿಲ್ಲ, ಇದನ್ನು ನೋವಿನಿಂದಲೇ ಹೇಳುತ್ತಿದ್ದೇನೆ.

ಕಾಂಕ್ರೀಟ್ ಕೆಲಸ

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಅಧಿಕೃತ ಅಧಿಕಾರಿಗೆ ಪಟ್ಟಿ ಸಮೇತ ಪತ್ರ ಕೊಟ್ಟೆ. ಅವರು ಸೈಟಿಗೆ ಬಂದು ಹಸಿರು ಬಣ್ಣದ ಗುರುತು ಇದ್ದ ಶೀಟುಗಳನ್ನು ಒಂದೊಂದಾಗಿ ಎಣಿಸಿ, ಸಾಗಿಸಲು ಲಿಖಿತ ಅನುಮತಿ ಕೊಟ್ಟರು. 640 ಶೀಟುಗಳಲ್ಲಿ 611 ಸಿಕ್ಕಿವೆ, ಜಾಕಿ ಮತ್ತು ಮಿಕ್ಸರ್ ಪೂರ್ತಿ ಬಂದಿವೆ. ರೇರಾ ಜಾಲತಾಣದಲ್ಲಿ ಎಂಜಿನಿಯರ್ ಪ್ರಮಾಣಪತ್ರವೂ ದೊರೆಯಿತು, ಐದನೇ ಸ್ಲ್ಯಾಬ್ ಪೂರ್ಣ ಎಂದು ಅದರಲ್ಲಿದೆ. ದಾವೆಗೆ ಕಾಗದ ಸಿದ್ಧವಾಗುತ್ತಿದೆ. ಒಂದೇ ಚಿಂತೆ, ಏಳನೇ ಬಿಲ್ಲಿನ ಕೆಲಸ ಮುಗಿದು ಮೂರು ವರ್ಷಕ್ಕೆ ಇನ್ನು ಐದು ವಾರಗಳಷ್ಟೇ ಉಳಿದಿವೆ.

ವಕೀಲ್ ಸಾಹೇಬ್ರು

ಹಣ ಕೊಡುವ ದಿನ ಕರಾರಿನಲ್ಲಿ ನಿಗದಿಯಾಗದಿದ್ದರೆ ಕಾಲಮಿತಿ ಕಾಯ್ದೆಯ 18ನೇ ಅನುಚ್ಛೇದದ ಪ್ರಕಾರ ಕೆಲಸ ಮುಗಿದ ದಿನದಿಂದ ಮೂರು ವರ್ಷ. ಬಿಲ್ಡರ್ ಈ ಮೂರು ವರ್ಷದೊಳಗೆ ಬಾಕಿಯನ್ನು ಒಪ್ಪಿಕೊಂಡು ಸಹಿ ಹಾಕಿದ ಪತ್ರ ಏನಾದರೂ ಇದೆಯೇ? ಇದ್ದರೆ ಆ ಸಹಿಯ ದಿನದಿಂದ ಹೊಸದಾಗಿ ಎಣಿಕೆ ಆರಂಭವಾಗುತ್ತದೆ.

ಕಾಂಕ್ರೀಟ್ ಕೆಲಸ

ಇದೆ ಸರ್. ಕಳೆದ ವರ್ಷ ಮಾರ್ಚ್ 31ಕ್ಕೆ ಅವರ ಲೆಕ್ಕ ವಿಭಾಗ ಕಳಿಸಿದ ಬಾಕಿ ದೃಢೀಕರಣ ಪತ್ರ, ನಿರ್ದೇಶಕರ ಸಹಿ ಮತ್ತು ಮುದ್ರೆ ಸಮೇತ. ಅದನ್ನು ಎಂಟನೇ ಬಿಲ್ಲಿನ ಹಿಂದೆ ಪಿನ್ ಹಾಕಿ ಇಟ್ಟಿದ್ದೆ, ಅದಕ್ಕೆ ಇಷ್ಟು ಬೆಲೆ ಇದೆಯೆಂದು ತಿಳಿದಿರಲಿಲ್ಲ.

ವಕೀಲ್ ಸಾಹೇಬ್ರು

ಮೂಲಪ್ರತಿಯನ್ನು ಯಾರ ಕೈಗೂ ಕೊಡಬೇಡಿ. ಆದರೂ ಐದು ವಾರದೊಳಗೇ ದಾವೆ ಹೂಡಿ, ಆ ಪತ್ರದ ಮೇಲೆ ವಾದ ಮಾಡಬೇಕಾದ ಪರಿಸ್ಥಿತಿಯನ್ನೇ ತಂದುಕೊಳ್ಳಬೇಡಿ.